ಸತ್ಯಾಂಶ: ಬಾಟಲಿಯೊಳಗೆ ವಿಸ್ಕಿಗೆ ವಯಸ್ಸಾಗುವುದಿಲ್ಲ

‘12 ವರ್ಷದ ಬರ್ಬನ್ (ಅಮೆರಿಕದ ಒಂದು ಬಗೆಯ ವಿಸ್ಕಿ) ಬಾಟಲಿಯನ್ನು ಇನ್ನೂ 10 ವರ್ಷ ಕಪಾಟಿನಲ್ಲಿಟ್ಟರೆ 22 ವರ್ಷದ್ದಾಗುತ್ತದೆ’ ಎಂಬ ಫಾರ್ವರ್ಡ್ ತಪ್ಪು. ಲೇಬಲ್ಲಿನ ವಯಸ್ಸು ಪೀಪಾಯಿಯಲ್ಲಿ ಕಳೆದ ಕಾಲ ಮಾತ್ರ. ಅಮೆರಿಕದ ನಿಯಮದಂತೆ ಬರ್ಬನ್‌ಗೆ ಕನಿಷ್ಠ ಶೇ 51 ಮೆಕ್ಕೆಜೋಳ ಬೇಕು; ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಗೆ ತುಂಬುವಾಗ ಆಲ್ಕೋಹಾಲ್ ಶೇ 62.5 ಮೀರಬಾರದು. ಬರ್ಬನ್ ಹೆಚ್ಚಾಗಿ ತಯಾರಾಗುವ ಕೆಂಟಕಿ ರಾಜ್ಯದ ಬೇಸಿಗೆಗೆ ದ್ರವ ಹಿಗ್ಗಿ ಮರದೊಳಗೆ ಇಳಿಯುತ್ತದೆ, ಚಳಿಗೆ ಕುಗ್ಗಿ ಹೊರಬರುತ್ತದೆ. ಬಣ್ಣ, ವೆನಿಲ್ಲಾ ಘಮ ಸಿಗುವುದು ಹೀಗೆ. ಗಾಜು ಏನನ್ನೂ ಕೊಡುವುದಿಲ್ಲ.

ಸೀಮಿತ ಆವೃತ್ತಿಯ ಬಾಟಲಿಗೆ ಬೆಲೆ ಏರಿದರೆ ಅದು ಅಪರೂಪಕ್ಕೆ, ರುಚಿಗಲ್ಲ. ಇಡುವುದಾದರೆ ನೆಟ್ಟಗೆ, ಬಿಸಿಲು ಬೀಳದ ಕಡೆ ಇಡಿ. ವೈನ್‌ನಂತೆ ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ಹಾಳುಮಾಡಿ ಸೋರಿಕೆ ಶುರುವಾಗುತ್ತದೆ. ಹಳೆಯ ಪಿಂಗಾಣಿ ಡಿಕ್ಯಾಂಟರ್‌ಗಳಲ್ಲಿ (ಮದ್ಯ ತುಂಬಿಡುವ ಅಲಂಕಾರಿಕ ಪಾತ್ರೆ) ಇರುವುದನ್ನಂತೂ ಕುಡಿಯಲೇಬೇಡಿ. ಪಿಂಗಾಣಿಯ ಮೆರುಗು ಲೇಪದಲ್ಲಿದ್ದ ಸೀಸ ವಿಸ್ಕಿಗೆ ಇಳಿದಿರಬಹುದು.