ಪೊಕಾಕ್ ಜಿಂಬಾಬ್ವೆ ಪರ ಆಡಿದವರಲ್ಲ

ರಗ್ಬಿ ಆಟಗಾರ ಡೇವಿಡ್ ಪೊಕಾಕ್ ಮೊದಲು ಜಿಂಬಾಬ್ವೆ ತಂಡದಲ್ಲಿ ಆಡುತ್ತಿದ್ದರು, ಆಸ್ಟ್ರೇಲಿಯಾ ರಗ್ಬಿಯವರು ದುಡ್ಡು ಕೊಟ್ಟು ಕರೆಸಿಕೊಂಡರು ಅನ್ನೋ ಮಾತು ಓಡಾಡ್ತಿದೆ. ಇದು ತಪ್ಪು.

1988ರಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲಿ ಬೆಳೆದದ್ದು ಜಿಂಬಾಬ್ವೆಯಲ್ಲೇ, ನಿಜ. ಆದರೆ ಅಲ್ಲಿ ಬಿಳಿಯರ ಹೊಲಗಳನ್ನು ಕಿತ್ತುಕೊಳ್ಳುತ್ತಿದ್ದ ಕಾಲದಲ್ಲಿ, 2002ರಲ್ಲಿ, ಇಡೀ ಕುಟುಂಬವೇ ಬ್ರಿಸ್ಬೇನ್‌ಗೆ ಬಂತು. ಆಗ ಅವರಿನ್ನೂ ಶಾಲೆಯ ಹುಡುಗ. 'ಚರ್ಚಿ' ಅಂತ ಕರೆಯುವ ಅಲ್ಲಿನ ಶಾಲೆಯ ತಂಡ 2005ರಲ್ಲಿ ಒಂದೂ ಪಂದ್ಯ ಸೋಲಲಿಲ್ಲ, ಆ ತಂಡದಲ್ಲಿ ಪೊಕಾಕ್ ಜೊತೆ, ಮುಂದೆ ಆಸ್ಟ್ರೇಲಿಯಾ ಪರ ಆಡಿದ ಕ್ವೇಡ್ ಕೂಪರ್ ಕೂಡ ಇದ್ದರು! ಆಮೇಲೆ ಪರ್ತ್‌ನ ವೆಸ್ಟರ್ನ್ ಫೋರ್ಸ್ ತಂಡ, 2008ರಲ್ಲಿ ವಾಲಬೀಸ್, ಅಂದ್ರೆ ಆಸ್ಟ್ರೇಲಿಯಾದ ರಾಷ್ಟ್ರೀಯ ತಂಡ, ಒಟ್ಟು 78 ಟೆಸ್ಟ್ (ರಗ್ಬಿಯಲ್ಲಿ ದೇಶ-ದೇಶಗಳ ನಡುವಿನ ಪಂದ್ಯ). ಬಿದ್ದ ಆಟಗಾರನ ಮೇಲೆ ಬಾಗಿ, ಎದುರಾಳಿಗಳು ಬಂದು ಗುದ್ದುತ್ತಿದ್ದರೂ ಕಾಲು ಅಗಲಿಸಿ ನಿಂತು ಚೆಂಡು ಕಿತ್ತುಕೊಳ್ಳುತ್ತಿದ್ದರಲ್ಲ, ಆ ಆಟ ಪಳಗಿದ್ದು ಆಸ್ಟ್ರೇಲಿಯಾದ ಮೈದಾನಗಳಲ್ಲೇ. ಚಿಕ್ಕಂದಿನ ಊರು ನೋಡಿ 'ಹೊರಗಿನವರು' ಅಂದುಬಿಟ್ಟರೆ ಆ ಶಾಲೆಯ ಕೋಚ್‌ಗಳ ದುಡಿಮೆ ಸುಮ್ನೆ ಮರೆತಂತೆ ಅಲ್ವಾ?

2022ರಿಂದ ಅವರು ಕ್ಯಾನ್‌ಬೆರಾದ ಸ್ವತಂತ್ರ ಸೆನೆಟರ್.

ಕೂಪರ್ ವಿಷಯ ಬೇರೆ. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಅವರು 70 ಟೆಸ್ಟ್ ಆಡಿದ ಮೇಲೂ, 2021ರಲ್ಲಿ, ಆಸ್ಟ್ರೇಲಿಯಾದ ಪೌರತ್ವಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದರು. ಇಬ್ಬರ ಕಥೆಯನ್ನೂ ಒಂದೇ ಮಾಡಬೇಡಿ.