ಬಾಯಿ ಮುಚ್ಚಿ ನಗೋ ಊರು

ನಿನ್ನೆ ಅಕ್ಕನ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬಂದಿದ್ರು. ಕಾಫಿ ಲೋಟ ಕೊಟ್ಟು ಒಳಗೆ ಹೋಗೋವರೆಗೂ ಅವಳು ಬಾಯಿ ಬಿಡಲಿಲ್ಲ. ಏನಾದ್ರೂ ಕೇಳಿದ್ರೆ ಸೆರಗು ಅಡ್ಡ ಹಿಡಿದು ಉತ್ತರ. ಆದ್ರೂ ಒಬ್ಬ ಹೆಂಗಸು ಕೇಳೇಬಿಟ್ಟಳು, 'ಹುಡುಗಿ ಎಲೆ ಅಡಿಕೆ ಹಾಕ್ತಾಳಾ?' ಎಂ.ಎಸ್ಸಿ. ಓದಿದ ಹುಡುಗಿ, ರಾತ್ರಿಯೆಲ್ಲ ಅತ್ತಿದ್ದಾಳೆ. ಹೊಟ್ಟೆ ಉರೀತಿದೆ ನಂಗೆ.

ನಮ್ಮದು ಪಾವಗಡ ತಾಲ್ಲೂಕು. ಉತ್ತರ ಪಿನಾಕಿನಿ ಹೆಸರಿಗಷ್ಟೇ ನದಿ. ಬಂಡೆಯೊಳಗಿನ ಫ್ಲೋರೈಡ್ ಕರಗಿದ ಬೋರ್ ನೀರೇ ನಮಗೆ ಗತಿ. ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಸಿಗದಿದ್ರೆ 1.5 ಅಂತ ನಿಯಮ ಇದೆ. ಕಾಯಿಸಿ ಕುಡೀರಿ ಅಂತ ಓದಿದವರೂ ಹೇಳ್ತಾರೆ. ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ ಕಣ್ರೀ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಹೆಚ್ಚಾಗುತ್ತೆ! ನಮ್ಮ ಹಲ್ಲಿನ ಮೇಲಿನ ಕಲೆ ಈ ಫ್ಲೋರೈಡಿಂದಲೇ ಆದದ್ದು, ಎಲೆ ಅಡಿಕೆಯಿಂದಲ್ಲ; ಹಲ್ಲು ಒಸಡಿನೊಳಗೆ ರೂಪುಗೊಳ್ಳೋವಾಗಲೇ ಸೇರಿಕೊಂಡ ಕಲೆ ಅದು. ಚಿಕ್ಕವಳಿದ್ದಾಗ ನಾನೂ ಇದ್ದಿಲು, ಉಪ್ಪು ಹಾಕಿ ರಕ್ತ ಬರೋ ಹಾಗೆ ಉಜ್ಜಿದ್ದೀನಿ. ಗ್ರೂಪ್ ಫೋಟೋದಲ್ಲಿ ತುಟಿ ಬಿಗಿಹಿಡಿಯೋದು ಆಗಲೇ ರೂಢಿಯಾಯ್ತು.

ಇದೇ ನೀರು ಕುಡಿದೂ ಕುಡಿದೂ ಅಮ್ಮನ ಬೆನ್ನು ಬಾಗಿದೆ, ನೆಲ ನೋಡ್ಕೊಂಡೇ ನಡೀತಾಳೆ. ಹೊಲಕ್ಕೆ ಹೋಗೋದು ನಿಂತ್ಮೇಲೆ ಮಾತೂ ನಿಂತಿದೆ. 'ನಿಮಗೆಲ್ಲ ಭಾರ ಆಗಿದೀನಿ' ಅಂತ ಗೋಡೆ ಕಡೆ ತಿರುಗಿ ಮಲಗ್ತಾಳೆ. ಶಿಬಿರ ಮಾಡೋಕೆ ಬಂದವರು ಹಲ್ಲು ನೋಡಿದ್ರು, ಮಂಡಿ ಒತ್ತಿದ್ರು, ಮೂತ್ರದ ಸ್ಯಾಂಪಲ್ ತಗೊಂಡ್ರು. 'ರಾತ್ರಿ ನಿದ್ದೆ ಬರುತ್ತಾ ಅಜ್ಜಿ?' ಅಂತ ಒಬ್ಬರಾದ್ರೂ ಕೇಳಬೇಕೋ ಬೇಡ್ವೋ?

ಊರಲ್ಲಿ ಶುದ್ಧ ನೀರಿನ ಘಟಕ ಇದೆ. ಐದು ರೂಪಾಯಿ ಕಾಯಿನ್ ಹಾಕಿದ್ರೆ ಒಂದು ಕ್ಯಾನ್ ನೀರು. ಮೂರು ತಿಂಗಳಿಂದ ಬೀಗ! ನೀರು ಸೋಸೋ ಮೆಂಬ್ರೇನ್ ಹೋಗಿದೆಯಂತೆ. ಕೇಳಿದ್ರೆ ಇವರು ಅವರ ಮೇಲೆ ಹೇಳ್ತಾರೆ, ಅವರು ಇವರ ಮೇಲೆ. ಇದೇ ತಾಲ್ಲೂಕಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಿಂತಿದೆ, ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ನಮಗೆ ಒಂದು ಮೆಂಬ್ರೇನ್ ಹಾಕಿಸೋಕೆ ಇನ್ನೆಷ್ಟು ಅರ್ಜಿ ಬರೀಬೇಕು?

ದುಡ್ಡಿದ್ದವರು ಕ್ಯಾನ್ ತರಿಸ್ತಾರೆ. ಉಳಿದವರು ವಿಷ ಅಂತ ಗೊತ್ತಿದ್ದೂ ಮಕ್ಕಳಿಗೆ ಅದನ್ನೇ ಕುಡಿಸ್ತೀವಿ. ಲೋಟ ಕೈಗೆ ಕೊಡೋವಾಗ ತಾಯಿಗೆ ಏನಾಗುತ್ತೆ ಅನ್ನೋದು ಯಾವ ವರದಿಗೂ ಬೇಡ.

ನನ್ನ ಮಗನಿಗೆ ಆರು ವರ್ಷ. ಮೊದಲ ಹಾಲುಹಲ್ಲು ಬಿದ್ದು ಹೊಸದು ಮೊಳಕೆ ಒಡೀತಿದೆ. ದಿನಾ ಬೆಳಿಗ್ಗೆ ಅವನ ಬಾಯಿಗೆ ಟಾರ್ಚ್ ಬಿಟ್ಟು ನೋಡ್ತೀನಿ. 'ಏನಮ್ಮಾ ಹುಡುಕ್ತೀಯಾ?' ಅಂತಾನೆ.