ಎರಡು ಬ್ಲೆಸ್ ಬಿದ್ದರೆ ಎರಡು ದಾಳವಲ್ಲ
ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ಆಟದ ಬಗೆಗಿನ ಒಂದು ಲೇಖನದಲ್ಲಿ, ಇಬ್ಬರು ಕ್ಲೆರಿಕ್‌ಗಳು (ದೈವಬಲದಿಂದ ಮಂತ್ರ ಹಾಕುವ ಪಾತ್ರಗಳು) ಒಬ್ಬನ ಮೇಲೆಯೇ ‘ಬ್ಲೆಸ್’ ಎಂಬ ಹರಕೆಯ ಮಂತ್ರ ಹಾಕಿದರೆ ಅವನು ತನ್ನ ಅಂಕಕ್ಕೆ ಎರಡು ದಾಳ ಕೂಡಿಸಿಕೊಳ್ಳಬಹುದು ಎಂದು ಲೇಖಕರು ಬರೆದಿದ್ದಾರೆ. ಆಟದ ಐದನೇ ಆವೃತ್ತಿಯಲ್ಲಿ ಇದು ನಡೆಯುವುದಿಲ್ಲ. ಒಂದೇ ಮಂತ್ರದ ಫಲ ಒಂದರ ಮೇಲೊಂದು ಕೂಡುವುದಿಲ್ಲ. ಸಿಗುವುದು ನಾಲ್ಕು ಮುಖದ ಒಂದೇ ದಾಳ, ಅದೂ ದಾಳಿಗೆ ಮತ್ತು ಸೇವಿಂಗ್ ಥ್ರೋಗೆ (ಅಪಾಯದಿಂದ ಪಾರಾಗಲು ಉರುಳಿಸುವ ದಾಳಕ್ಕೆ) ಮಾತ್ರ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮಹಡಿಯಲ್ಲಿ ಆಡುವಾಗ ನನ್ನ ತಮ್ಮ ಬೀಗ ಬಿಡಿಸುವುದಕ್ಕೂ ಆ ದಾಳ ಉರುಳಿಸಿದ. ಚುರುಮುರಿ ತಟ್ಟೆಗೆ ಬಿದ್ದು ನಾಲ್ಕು ತೋರಿಸಿತು. ನಾನು ಒಪ್ಪಲಿಲ್ಲ, ಅವನು ಮುನಿಸಿಕೊಂಡ. ಎರಡನೆಯ ಕ್ಲೆರಿಕ್‌ನ ಶ್ರಮ ಪೂರ್ತಿ ದಂಡವೇನಲ್ಲ: ಮೊದಲಿನವನಿಗೆ ಏಟು ಬಿದ್ದು, ಮಂತ್ರವನ್ನು ಹಿಡಿದಿಟ್ಟಿರುವ ಏಕಾಗ್ರತೆ ಮುರಿದರೆ ಇವನ ಮಂತ್ರ ಉಳಿದಿರುತ್ತದೆ. ಆದರೂ ಅದನ್ನು ಬೇರೆ ಮೂವರ ಮೇಲೆ ಹಾಕುವುದೇ ಮೇಲು.